ಮರಳಿಗೆ ಇಳಿಯುವ ಕಿಟ್: ಬ್ಯಾಗು ಚೆನ್ನಾಗಿದೆ, ಒಳಗಿರುವುದು ಅರ್ಧಂಬರ್ಧ

‘ಮರುಭೂಮಿಗೆ ಬೇಕಾದದ್ದೆಲ್ಲ ಒಂದೇ ಬ್ಯಾಗಿನಲ್ಲಿ’ ಅಂತ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ನಂಬಿದೆ. ಹೊಸದಾಗಿ ಫೋರ್ ವೀಲ್ ಡ್ರೈವ್ ಕೊಂಡವರು ಇಂಥ ಮಾತನ್ನು ಬೇಗ ನಂಬುತ್ತಾರೆ. ಗಾಡಿಗೆ ಅಷ್ಟು ಸುರಿದ ಮೇಲೆ ಒಂದು ಬ್ಯಾಗಿಗೆ ಯಾಕೆ ಜುಗ್ಗತನ ಅನಿಸುತ್ತದೆ.

ಆ ಹಳದಿ ಬ್ಯಾಗನ್ನು ಎರಡು ಸಲ ಮರಳಿಗೆ ಒಯ್ದೆ. ಮೊದಲ ಸಲ ನಾಲ್ಕು ದಿನ, ಎರಡನೇ ಸಲ ಏಳು ದಿನ. ಒಳಗಿದ್ದ ಸಾಮಾನು ಇಷ್ಟು: ಒಂದು ಏರ್ ಕಂಪ್ರೆಸರ್, ಟೈರಿನ ಗಾಳಿ ಇಳಿಸುವ ನಾಲ್ಕು ಡಿಫ್ಲೇಟರ್, ಒಂದು ಪ್ರೆಷರ್ ಗೇಜ್, ಎಳೆಯುವ ಪಟ್ಟಿ, ಆ ಪಟ್ಟಿಯನ್ನು ಗಾಡಿಗೆ ಸಿಕ್ಕಿಸುವ ಎರಡು ಲೋಹದ ಕೊಂಡಿ ಅಂದರೆ ಶ್ಯಾಕಲ್, ಮಡಚುವ ಸಲಿಕೆ, ಒಂದು ಜೊತೆ ಗ್ಲೌಸ್. ಬ್ಯಾಗಿನ ಬೆನ್ನಿಗೆ ಕಟ್ಟಿದ ಎರಡು ಕೆಂಪು ರಿಕವರಿ ಬೋರ್ಡ್, ಅಂದರೆ ಹೂತ ಚಕ್ರದ ಅಡಿಗೆ ಇಡುವ ಹಲ್ಲುಹಲ್ಲಿನ ಪ್ಲಾಸ್ಟಿಕ್ ಹಲಗೆ. ಕಂಪನಿಯ ಹೆಸರು ಹೇಳುವುದಿಲ್ಲ. ಇಂಥ ಸಾಮಾನಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ಎಷ್ಟೋ ಜನ ಮಾರುತ್ತಾರೆ. ಹೆಸರು ನೋಡಿ ತಪ್ಪಿಸಿಕೊಳ್ಳುವುದಕ್ಕಿಂತ ಒಳಗೇನಿದೆ ಅಂತ ನೋಡಿ ತಪ್ಪಿಸಿಕೊಳ್ಳುವುದು ಒಳ್ಳೆಯದು.

ಅವಸರ ಇದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಡೀ ಕಿಟ್ ಕೊಳ್ಳಬೇಡಿ. ಒಳ್ಳೆಯ ಗೇಜ್, ಒಳ್ಳೆಯ ಕಂಪ್ರೆಸರ್, ಉದ್ದ ಹಿಡಿಕೆಯ ಸಲಿಕೆ, ಈ ಮೂರನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಿ. ಉಳಿದದ್ದು ಆಮೇಲೆ.

ಮೊದಲನೇ ದಿನದ ಕಥೆ ಕೇಳಿ. ಗಟ್ಟಿ ನೆಲ ಮುಗಿದು ಮರಳು ಶುರುವಾಗುವ ಜಾಗ. ಟೈರಿನಲ್ಲಿ ರಸ್ತೆಯ ಗಾಳಿಯೇ ಇತ್ತು, 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ‘ಸ್ವಲ್ಪ ಮುಂದೆ ಹೋಗಿ ನೋಡೋಣ, ಬೇಕಾದರೆ ಇಳಿಸಿದರಾಯಿತು’ ಅಂದೆ. ಇನ್ನೂರು ಮೀಟರ್ ಹೋಗಿರಬಹುದು. ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ನಿಧಾನವಾಯಿತು. ನಾನು ಆಕ್ಸಿಲರೇಟರ್ ಒತ್ತಿದೆ. ಅಷ್ಟೇ, ಹಿಂದಿನ ಎರಡೂ ಚಕ್ರ ಅರ್ಧ ಹೂತವು. ಇನ್ನೂ ಒತ್ತಿದೆ. ಗಾಡಿಯ ಹೊಟ್ಟೆ ಮರಳಿನ ಮೇಲೆ ಕುಳಿತಿತು. ಇದರಲ್ಲಿ ಕಿಟ್‌ನ ತಪ್ಪೇನಿಲ್ಲ, ಪೂರ್ತಿ ನನ್ನದೇ.

ಆ ದಿನ ಅರ್ಥವಾದದ್ದು ಒಂದೇ. ಮರಳಿನಲ್ಲಿ ಗಾಡಿಯನ್ನು ನಡೆಸುವುದು ಎಂಜಿನ್ ಅಲ್ಲ, ಟೈರಿನ ಗಾಳಿ. ಗಾಳಿ ಇಳಿಸಿದರೆ ಟೈರ್ ಅಗಲ ಆಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಗಲ ಆಗುವುದು ಸ್ವಲ್ಪ. ಜಾಸ್ತಿ ಆಗುವುದು ಉದ್ದ. ನೆಲಕ್ಕೆ ತಾಗುವ ಭಾಗ ಹಿಂದೆ ಮುಂದೆ ಚಾಚಿಕೊಳ್ಳುತ್ತದೆ. ಹಿಮ್ಮಡಿ ಊರಿ ನಡೆಯುವುದಕ್ಕೂ ಇಡೀ ಪಾದ ಇಟ್ಟು ನಡೆಯುವುದಕ್ಕೂ ಇರುವ ವ್ಯತ್ಯಾಸ ಅದು. ಅದೇ ಭಾರ, ದೊಡ್ಡ ಹೆಜ್ಜೆ. ಗಾಡಿ ಮರಳನ್ನು ಅಗೆಯುವುದು ಬಿಟ್ಟು ಮೇಲೆ ತೇಲಿದಂತೆ ಹೋಗುತ್ತದೆ.

ನನ್ನ ಗಾಡಿ ಸುಮಾರು ಎರಡು ಟನ್, ಚಕ್ರದ ರಿಮ್ 16 ಇಂಚು. ಈಗ ಮರಳಿಗೆ ಇಳಿಯುವ ಮುಂಚೆಯೇ 18ಕ್ಕೆ ತರುತ್ತೇನೆ. ತೀರಾ ಮೆತ್ತಗಿದ್ದರೆ 15. ಸಿಕ್ಕಿಕೊಂಡಾಗ ಮಾತ್ರ 12, ಅದೂ ಹೊರಗೆ ಬರುವ ತನಕ. ಅದಕ್ಕಿಂತ ಕೆಳಗೆ ಹೋದರೆ ಟೈರಿನ ಅಂಚು ರಿಮ್‌ನಿಂದ ಕಳಚಿಕೊಳ್ಳುವ ಭಯ. ಗಾಳಿ ಕಡಿಮೆ ಇದ್ದಾಗ ಗಕ್ಕನೆ ತಿರುಗಿಸಬಾರದು, ಜೋರಾಗಿಯೂ ಓಡಿಸಬಾರದು. ರಿಮ್ ದೊಡ್ಡದಾಗಿ ಟೈರಿನ ಪಕ್ಕೆ ಗಿಡ್ಡವಾಗಿರುವ ಗಾಡಿಗಳಿಗೆ ಈ ಆಟ ಕಷ್ಟ, ಬಗ್ಗುವುದಕ್ಕೆ ರಬ್ಬರೇ ಇರುವುದಿಲ್ಲ. 20 ಇಂಚಿನ ರಿಮ್ ನೋಡಲು ಚೆಂದ, ಮರಳಿಗೆ ಅಲ್ಲ. ಇನ್ನು ಕೆಸರಿಗೆಂದು ಮಾಡಿದ ದಪ್ಪ ಹಲ್ಲಿನ ಟೈರು. ಅದು ಮರಳಿನಲ್ಲಿ ಸಲಿಕೆಯ ಕೆಲಸ ಮಾಡುತ್ತದೆ, ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಸಾಧಾರಣ ಆಲ್ ಟೆರೇನ್ ಟೈರೇ ವಾಸಿ.

ಗಾಳಿಯೇ ಇಷ್ಟು ಮುಖ್ಯ ಅಂದ ಮೇಲೆ ಅದನ್ನು ಅಳೆಯುವ ಗೇಜ್ ಸರಿ ಇರಬೇಕು ತಾನೇ? ಕಿಟ್‌ನ ಗೇಜಿನಲ್ಲಿ 0ಯಿಂದ 150 ಪಿಎಸ್‌ಐ ತನಕ ಗುರುತು. 150 ಯಾರಿಗೆ ಬೇಕು? ನಮಗೆ ಬೇಕಾದ 12ರಿಂದ 20ರ ತನಕದ ಜಾಗ ಡಯಲ್‌ನ ಮೂಲೆಯಲ್ಲಿ ಬೆರಳಗಲ ಇದೆ. ಮುಳ್ಳು 15ರ ಮೇಲಿದೆಯೋ 18ರ ಮೇಲಿದೆಯೋ ಕನ್ನಡಕ ಹಾಕಿಕೊಂಡರೂ ಗೊತ್ತಾಗುವುದಿಲ್ಲ. ಜೊತೆಗೆ ತನ್ನ ಗಾಡಿಯಲ್ಲಿ ಬಂದಿದ್ದ ಭಾವನ ಹತ್ತಿರ 60ಕ್ಕೇ ಮುಗಿಯುವ ಗೇಜ್ ಇತ್ತು. ಅದರಲ್ಲಿ ನೋಡಿದರೆ ನಾನು 18 ಅಂದುಕೊಂಡಿದ್ದ ಟೈರು 23ರಲ್ಲಿತ್ತು. ಲಾರಿ ಓಡಿಸುತ್ತಿದ್ದ ನಮ್ಮಪ್ಪ ಕಬ್ಬಿಣದ ರಾಡಿನಿಂದ ಟೈರಿಗೆ ಬಡಿದು, ಸದ್ದು ಕೇಳಿಯೇ ಗಾಳಿ ಎಷ್ಟಿದೆ ಅಂತ ಹೇಳುತ್ತಿದ್ದರು. ಆ ರಾಡು ಈ ಗೇಜಿಗಿಂತ ಮೇಲು.

ಡಿಫ್ಲೇಟರ್ ವಿಷಯ ಇನ್ನೂ ತಮಾಷೆ. ವಾಲ್ವಿಗೆ ತಿರುಗಿಸಿ ಸಿಕ್ಕಿಸಿದರೆ ಸಾಕು, 18ಕ್ಕೆ ಬಂದ ತಕ್ಷಣ ತಾವೇ ನಿಲ್ಲುತ್ತವೆ ಅಂತ ಬರೆದಿದ್ದರು. ಮೊದಲ ಸಲ ನಾಲ್ಕೂ ಸರಿಯಾಗಿ ನಿಂತವು, ಖುಷಿಯಾಯಿತು. ಎರಡನೇ ಪ್ರವಾಸದ ಹೊತ್ತಿಗೆ ಒಳಗಿನ ಸ್ಪ್ರಿಂಗಿಗೆ ಮರಳು ಹೋಗಿತ್ತೇನೋ. ಒಂದು 21ಕ್ಕೇ ನಿಂತಿತು. ಇನ್ನೊಂದು ನಿಲ್ಲಲೇ ಇಲ್ಲ. ನಾನು ಟೀ ಕುಡಿಯುತ್ತಾ ನಿಂತಿದ್ದೆ, ನೋಡಿದರೆ ಟೈರು 11ಕ್ಕೆ ಇಳಿದಿದೆ. ಈಗ ವಾಲ್ವಿನ ಪಿನ್ನನ್ನೇ ಬಿಚ್ಚಿ ಹೊರಗೆ ಎಳೆಯುವ, ಗೇಜ್ ಕೂಡಿಸಿದ ಡಿಫ್ಲೇಟರ್ ಬಳಸುತ್ತೇನೆ. ಪಕ್ಕದಲ್ಲೇ ಕೂತಿರಬೇಕು, ಆದರೆ ಒಂದು ಟೈರಿಗೆ ಒಂದು ನಿಮಿಷವೂ ಬೇಡ. ಅದರಲ್ಲಿ ಪಿನ್ನು ಉಪಕರಣದ ಒಳಗೇ ಉಳಿಯುತ್ತದೆ, ಮರಳಿಗೆ ಬೀಳುವುದಿಲ್ಲ. ಆದರೂ ನಾಲ್ಕು ಹೆಚ್ಚುವರಿ ಪಿನ್ನು ಡ್ಯಾಶ್‌ಬೋರ್ಡಿನಲ್ಲಿ ಇರುತ್ತವೆ. ಬೆರಳ ತುದಿಯಷ್ಟು ಉದ್ದದ ವಸ್ತು, ಮರಳಿಗೆ ಬಿದ್ದರೆ ಹೋಯಿತು ಅಂತಲೇ ಲೆಕ್ಕ.

ಇನ್ನೊಂದು ಮಾತು. ಬೆಳಿಗ್ಗೆ ತಣ್ಣಗಿರುವಾಗ 18 ಇದ್ದದ್ದು ಮಧ್ಯಾಹ್ನದ ಬಿಸಿಗೆ, ಓಡಾಟಕ್ಕೆ 21, 22 ಆಗಿರುತ್ತದೆ. ಯಾರೂ ಗಾಳಿ ತುಂಬಿಲ್ಲ, ಒಳಗಿನ ಗಾಳಿಯೇ ಬಿಸಿಯಾಗಿ ಹಿಗ್ಗಿದೆ. ಬೆಳಿಗ್ಗೆ ಸಲೀಸಾಗಿ ಹತ್ತಿದ ದಿಬ್ಬ ಮಧ್ಯಾಹ್ನ ಹತ್ತಲಿಲ್ಲ ಅಂದರೆ ಮೊದಲು ಇದನ್ನು ನೋಡಿ.

ಈಗ ಕಂಪ್ರೆಸರ್. ನನ್ನ ಹೊಟ್ಟೆಯುರಿ ಇರುವುದು ಇಲ್ಲೇ.

ಗಾಳಿ ಇಳಿಸುವುದು ಸುಲಭ. ವಾಪಸ್ ಗಟ್ಟಿ ರಸ್ತೆಗೆ ಬಂದಾಗ ತುಂಬಲೇಬೇಕು. 18ರಲ್ಲೇ ಜೋರಾಗಿ ಓಡಿಸಿದರೆ ಟೈರಿನ ಪಕ್ಕೆ ಬಗ್ಗಿ ಬಗ್ಗಿ ಕಾದು ಒಳಗಿನಿಂದ ಹಾಳಾಗುತ್ತದೆ. ಕಂಪ್ರೆಸರ್ ಕೆಟ್ಟದ್ದಾದರೆ ನಿಜವಾದ ತೊಂದರೆ ಬೇರೆ ಇದೆ: ಆಮೇಲೆ ತುಂಬುವ ರಗಳೆ ನೆನೆದು ಮನುಷ್ಯ ಗಾಳಿ ಇಳಿಸುವುದಕ್ಕೇ ಸೋಮಾರಿತನ ಮಾಡುತ್ತಾನೆ. ನಾನು ಮಾಡಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ನೀರಿನಲ್ಲೂ ನೆಲದಲ್ಲೂ ಓಡುತ್ತಿದ್ದ ಡಕ್ ಎನ್ನುವ ಅಮೆರಿಕದ ಟ್ರಕ್ಕಿನಲ್ಲಿ ಡ್ರೈವರ್ ಕೂತಲ್ಲಿಂದಲೇ ಟೈರಿನ ಗಾಳಿ ಏರಿಸಿ ಇಳಿಸುವ ವ್ಯವಸ್ಥೆ ಇತ್ತು. ಬೀಚಿನ ಮರಳಿಗೆ ಒಂದು, ರಸ್ತೆಗೆ ಒಂದು. ನಾವು ಇವತ್ತಿಗೂ ಮಂಡಿಯೂರಿ ವಾಲ್ವಿನ ಕ್ಯಾಪ್ ಹುಡುಕುತ್ತಿದ್ದೇವೆ.

ಕಿಟ್‌ನ ಕಂಪ್ರೆಸರಿನ ಮೇಲೆ ನಿಮಿಷಕ್ಕೆ 35 ಲೀಟರ್ ಅಂತ ಬರೆದಿದೆ. ಅದು ಎದುರಿಗೆ ಏನೂ ಇಲ್ಲದೆ ಬರೀ ಹೊರಗೆ ಊದಿದಾಗಿನ ಲೆಕ್ಕ. ಟೈರಿಗೆ ಸಿಕ್ಕಿಸಿ ಒತ್ತಡ ಏರಿದಂತೆ ಅದರ ಉಸಿರು ಕಟ್ಟುತ್ತದೆ. ನಾನು ಫೋನಿನಲ್ಲಿ ಟೈಮರ್ ಇಟ್ಟು ನೋಡಿದೆ. 18ರಿಂದ 33ಕ್ಕೆ ಒಂದು ಟೈರಿಗೆ 8 ನಿಮಿಷ. ಎರಡನೆಯದಕ್ಕೆ 9. ಮೂರನೆಯದಕ್ಕೆ ಕೈಹಾಕಿದಾಗ ಮೈ ಬಿಸಿಯಾಗಿ ತಾನೇ ನಿಂತುಹೋಯಿತು. 25 ನಿಮಿಷ ಕಾದ ಮೇಲೆ ಮತ್ತೆ ಎದ್ದಿತು. ನಾಲ್ಕು ಟೈರಿಗೆ ಒಟ್ಟು ಒಂದು ಗಂಟೆ ದಾಟಿತು. ಭಾವ ತನ್ನ ಗಾಡಿಗೆ ಎರಡು ಸಿಲಿಂಡರಿನ ಕಂಪ್ರೆಸರಿನಿಂದ ಗಾಳಿ ತುಂಬಿ ಮುಗಿಸಿ, ನನ್ನ ಕಡೆ ನೋಡುತ್ತಾ ಕಿತ್ತಳೆ ಸುಲಿಯುತ್ತಿದ್ದ. ಅವನದು ಟೈರಿಗೆ ಎರಡು ನಿಮಿಷ ಚಿಲ್ಲರೆ.

ಇಂಥದ್ದು ಯಾಕೆ ಹೀಗೆ ಅಂತ ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಇದು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವಂಥದ್ದು. ಆ ತೂತಿನ ಫ್ಯೂಸ್ ನನ್ನ ಗಾಡಿಯಲ್ಲಿ 15 ಆಂಪಿಯರ್. 12 ವೋಲ್ಟ್ ಗುಣಿಸು 15, 180 ವ್ಯಾಟ್. ಅದಕ್ಕಿಂತ ಜಾಸ್ತಿ ಶಕ್ತಿ ಆ ತೂತಿನಿಂದ ಬರುವುದಕ್ಕೇ ಸಾಧ್ಯವಿಲ್ಲ. ಜಾಸ್ತಿ ಎಳೆದರೆ ಫ್ಯೂಸ್ ಹೋಗುತ್ತದೆ. ನನ್ನದು ಎರಡನೇ ಪ್ರವಾಸದಲ್ಲಿ ಹೋಯಿತು, ಜೊತೆಗೆ ಫೋನ್ ಚಾರ್ಜೂ ನಿಂತಿತು. ಗಟ್ಟಿ ಕಂಪ್ರೆಸರ್‌ಗಳು 30, 40 ಆಂಪಿಯರ್ ಎಳೆಯುತ್ತವೆ. ಅವಕ್ಕೆ ನೇರ ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ ಇರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಬಳಸಬೇಕು, ಇಲ್ಲವಾದರೆ ಟೈರು ತುಂಬುತ್ತದೆ, ಬ್ಯಾಟರಿ ಖಾಲಿ. ಹಾಗಾಗಿ ಕಂಪ್ರೆಸರ್ ಕೊಳ್ಳುವಾಗ ಡಬ್ಬಿಯ ಮೇಲಿನ ಲೀಟರ್ ಓದಬೇಡಿ, ವೈರಿನ ತುದಿ ನೋಡಿ. ಕ್ಲಿಪ್ ಇದ್ದರೆ ಮುಂದೆ ಮಾತಾಡಿ. ಪೈಪು ಹಿಂದಿನ ಚಕ್ರದ ತನಕ ಬರುತ್ತದೆಯೇ ಅದನ್ನೂ ನೋಡಿ. ನನ್ನದರಲ್ಲಿ ಬರುತ್ತಿರಲಿಲ್ಲ.

ಬೋರ್ಡುಗಳ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಮೊದಲ ದಿನ ಹೊಟ್ಟೆ ಕೂತ ಗಾಡಿಯನ್ನು ಹೊರಗೆ ತಂದದ್ದು ಅವೇ. ಆದರೆ ಅದೇ ದಿನ ಒಂದರ ಹಲ್ಲುಗಳನ್ನು ಕರಗಿಸಿಬಿಟ್ಟೆ. ಬೋರ್ಡನ್ನು ಟೈರಿನ ಮುಂದೆ ಸುಮ್ನೆ ಮಲಗಿಸಿ ಎಂಜಿನ್ ಏರಿಸಿದೆ. ಚಕ್ರ ಹತ್ತಲಿಲ್ಲ, ನಿಂತಲ್ಲೇ ಗಿರ್ರನೆ ತಿರುಗಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಹಲ್ಲುಗಳು ಬೆಣ್ಣೆಯಂತೆ ನುಣ್ಣಗಾದವು. ದುಬಾರಿ ನೈಲಾನ್ ಬೋರ್ಡಿನ ಹಲ್ಲೂ ಹೀಗೆ ಮಾಡಿದರೆ ಕರಗುತ್ತದೆ, ಇವು ಸ್ವಲ್ಪ ಬೇಗ ಕರಗಿದವು ಅಷ್ಟೇ. ಸರಿಯಾದ ಕ್ರಮ ಹೀಗೆ: ಮೊದಲು ಗಾಳಿ ಇನ್ನೂ ಇಳಿಸಿ. ಚಕ್ರದ ಎದುರಿನ ಮರಳು ತೆಗೆಯಿರಿ, ಗಾಡಿಯ ಹೊಟ್ಟೆಯ ಕೆಳಗಿನದನ್ನೂ ತೆಗೆಯಿರಿ. ಬೋರ್ಡಿನ ತುದಿಯನ್ನು ಟೈರಿನ ಅಡಿಗೆ ಒತ್ತಿ ತುರುಕಿ. ಆಮೇಲೆ ಲೋ ಗೇರಿನಲ್ಲಿ ಮೆತ್ತಗೆ. ಅದಕ್ಕೂ ಮುಂಚೆ ಒಮ್ಮೆ ರಿವರ್ಸ್ ನೋಡಿ. ಬಂದ ದಾರಿಯ ಮರಳು ನಿಮ್ಮದೇ ಭಾರಕ್ಕೆ ಒತ್ತಿ ಗಟ್ಟಿಯಾಗಿರುತ್ತದೆ. ಎಷ್ಟೋ ಸಲ ಬೋರ್ಡಿಗೆ ಕೈ ಹಾಕುವ ಕೆಲಸವೇ ಬರುವುದಿಲ್ಲ.

ಬೋರ್ಡಿಗೆ ಒಂದು ಮಾರು ಉದ್ದದ ಬಣ್ಣದ ಪಟ್ಟಿ ಕಟ್ಟಿ. ಗಾಡಿ ಹೊರಗೆ ಜಿಗಿದಾಗ ಬೋರ್ಡ್ ಮರಳಿನೊಳಗೆ ಹೂತು ಮಾಯವಾಗುತ್ತದೆ. ನಾವು ಒಂದನ್ನು ಹುಡುಕಲು ಅರ್ಧ ಗಂಟೆ ಅಗೆದೆವು.

ಈ ಬೋರ್ಡಿನ ಅಜ್ಜನ ಕಥೆ ನನಗೆ ಬಹಳ ಇಷ್ಟ. ರಾಲ್ಫ್ ಬ್ಯಾಗ್ನೋಲ್ಡ್ ಎನ್ನುವ ಬ್ರಿಟಿಷ್ ಸೇನಾಧಿಕಾರಿ 1920ರ ದಶಕದ ಕೊನೆಗೆ ಈಜಿಪ್ಟ್ ಕಡೆಯಿಂದ ಲಿಬಿಯಾದ ಮರಳುಗಾಡಿಗೆ ಫೋರ್ಡ್ ಕಾರುಗಳಲ್ಲಿ ಹೋಗುತ್ತಿದ್ದ. ಚಕ್ರ ಹೂತರೆ ಅಡಿಗೆ ಇಡಲು ಅವನಿಗೆ ಸಿಕ್ಕಿದ್ದು ಕೈರೋದ ಗುಜರಿಯಲ್ಲಿದ್ದ ಕಾಲುವೆಯಾಕಾರದ ಉಕ್ಕಿನ ಉದ್ದ ತಗಡುಗಳು, ಮೊದಲ ಮಹಾಯುದ್ಧದಲ್ಲಿ ನೆಲದೊಳಗಿನ ಅಡಗುದಾಣಗಳ ಸೂರಿಗೆಂದು ಮಾಡಿದ್ದವು. ಟೈರಿನ ಗಾಳಿ ಇಳಿಸುವುದನ್ನೂ ಅವನ ತಂಡ ಕಲಿತಿತ್ತು. ಮುಂದೆ 1940ರಲ್ಲಿ ಮರುಭೂಮಿಯಲ್ಲಿ ದೂರದೂರ ಗಸ್ತು ತಿರುಗುವ ಸೇನಾ ತಂಡವನ್ನು ಅವನೇ ಕಟ್ಟಿದ. ನನಗೆ ಮುಖ್ಯ ಅನಿಸುವುದು ಇದು: ಆ ಫೋರ್ಡ್‌ಗಳಲ್ಲಿ ಎಂಜಿನ್ ತಿರುಗಿಸುತ್ತಿದ್ದದ್ದು ಹಿಂದಿನ ಎರಡು ಚಕ್ರ ಮಾತ್ರ. ನನ್ನ ಗಾಡಿಯ ಹಿಂದೆ ಹೊಳೆಯುವ ‘4×4’ ಅಕ್ಷರ ನೋಡಿದಾಗಲೆಲ್ಲ ಸ್ವಲ್ಪ ನಾಚಿಕೆಯಾಗುತ್ತದೆ.

ಎಳೆಯುವ ಪಟ್ಟಿಯನ್ನು ನಾನು ಬಳಸಲೇ ಇಲ್ಲ. ಭಾವ ಅದನ್ನು ನೋಡಿದ ಕೂಡಲೇ ಬ್ಯಾಗಿಗೆ ವಾಪಸ್ ಹಾಕಿದ. ಎರಡೂ ತುದಿಗೆ ಕಬ್ಬಿಣದ ಕೊಕ್ಕೆ. ಹೂತ ಗಾಡಿಯನ್ನು ಎಳೆಯುವಾಗ ಆ ಕೊಕ್ಕೆ ಕಳಚಿದರೆ ಗಾಜು ಒಡೆದು ಒಳಗಿದ್ದವರ ತಲೆಗೆ ಬರುತ್ತದೆ. ಉತ್ಪ್ರೇಕ್ಷೆ ಅಲ್ಲ, ಇದರಿಂದ ಜನ ಸತ್ತಿದ್ದಾರೆ. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡು ಇರುತ್ತದಲ್ಲ, ಅದಕ್ಕೆ ಪಟ್ಟಿ ಕಟ್ಟಿ ಎಳೆಯುವುದೂ ಅಷ್ಟೇ ಅಪಾಯ, ಆ ಗುಂಡು ಮುರಿದರೆ ಬಂದೂಕಿನ ಗುಂಡೇ. ಮರಳಿಗೆ ಬೇಕಾದದ್ದು ನೈಲಾನಿನ ಹಿಗ್ಗುವ ಹಗ್ಗ, ಕೈನೆಟಿಕ್ ರೋಪ್ ಅನ್ನುತ್ತಾರೆ. ಒಳ್ಳೆಯದು ತನ್ನ ಉದ್ದದ 30 ಶೇಕಡಾ ತನಕ ಹಿಗ್ಗುತ್ತದೆ. ಹಿಗ್ಗಿ, ಕೂಡಿಟ್ಟ ಶಕ್ತಿಯಿಂದ ಹೂತ ಗಾಡಿಯನ್ನು ಜಗ್ಗುತ್ತದೆ, ಜರ್ಕ್ ಹೊಡೆಯುವುದಿಲ್ಲ. ಕಿಟ್‌ನ ಪಟ್ಟಿ ಹಿಗ್ಗುವಂಥದ್ದಲ್ಲ. ರಸ್ತೆಯಲ್ಲಿ ಕೆಟ್ಟು ನಿಂತ ಕಾರನ್ನು ಮೆಲ್ಲಗೆ ಎಳೆಯಲು ಸರಿ. ಶ್ಯಾಕಲ್‌ಗಳ ಮೇಲೆ ‘4.75 ಟನ್’ ಅಂತ ಸ್ಟಿಕ್ಕರ್ ಇತ್ತು. ಆ ಅಳತೆಯ ಶ್ಯಾಕಲ್ಲು ಸಾಮಾನ್ಯವಾಗಿ 19 ಮಿಲಿಮೀಟರ್ ದಪ್ಪ, ಅಂಕೆಯನ್ನು ಲೋಹದ ಮೈಯಲ್ಲೇ ಮೂಡಿಸಿರುತ್ತಾರೆ. ಇವು ಅಳೆದರೆ 16. ಸ್ಟಿಕ್ಕರ್ ಬಿಸಿಲಿಗೆ ಉದುರಿಹೋಯಿತು.

ಸಲಿಕೆ ಬಗ್ಗೆ ಒಂದೇ ವಾಕ್ಯ: ಅದು ಸೌಟು.

ಬ್ಯಾಗಿನಲ್ಲಿ ಇಲ್ಲದ್ದು ಏನು ಅನ್ನುವುದೂ ಹೇಳಬೇಕಲ್ಲ. ಜ್ಯಾಕಿನ ಅಡಿಗೆ ಇಡುವ ಹಲಗೆ ಇಲ್ಲ. ಅದಿಲ್ಲದಿದ್ದರೆ ಗಾಡಿ ಮೇಲೆ ಬರುವ ಬದಲು ಜ್ಯಾಕು ಕೆಳಗೆ ಹೋಗುತ್ತದೆ. ಎರಡು ಬೆರಳು ದಪ್ಪದ ಮರದ ತುಂಡು ಸಾಕು, ನಾನು ಹಳೇ ಬಾಗಿಲಿನದು ಕತ್ತರಿಸಿಕೊಂಡೆ. ಎತ್ತರದ ಕೋಲಿಗೆ ಕಟ್ಟುವ ಬಾವುಟ ಇಲ್ಲ. ದಿಬ್ಬದ ಆಚೆಯಿಂದ ಬರುವವರಿಗೆ ನೀವು ಕಾಣಿಸುವುದು ಆ ಬಾವುಟದಿಂದ ಮಾತ್ರ. ದಿಬ್ಬದ ಒಂದು ಮೈ ಮೆಲ್ಲನೆಯ ಏರು, ಗಾಳಿಯ ಮರೆಯಲ್ಲಿರುವ ಇನ್ನೊಂದು ಮೈ ಸುಮಾರು 34 ಡಿಗ್ರಿ ಇಳಿಜಾರು. ನೆತ್ತಿ ದಾಟುವ ಕ್ಷಣ ಬಾನೆಟ್ ಬಿಟ್ಟರೆ ಬರೀ ಆಕಾಶ. ಇಳಿಯುವಾಗ ನೇರ ಇಳಿಯಬೇಕು, ಓರೆಯಾದರೆ ಉರುಳುವುದೇ. ಅದಕ್ಕೇ ಮೇಲಿನ ಕ್ಯಾರಿಯರ್ ಮೇಲೆ ಭಾರ ಹೇರಬೇಡಿ ಅನ್ನುವುದು. 20 ಲೀಟರಿನ ಒಂದು ಕ್ಯಾನಿನಲ್ಲಿರುವ ಡೀಸೆಲ್ಲೇ ಸುಮಾರು 17 ಕೆಜಿ, ಅಂಥ ಮೂರು ಕ್ಯಾನನ್ನು ತಲೆಯ ಮೇಲೆ ಹೊತ್ತ ಗಾಡಿ ಓಲಾಡುವುದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಡೀಸೆಲ್ ಮಾತ್ರ ಜಾಸ್ತಿಯೇ ಇರಲಿ. ಮರಳಿನಲ್ಲಿ ನನ್ನ ಗಾಡಿ ರಸ್ತೆಯ ಒಂದೂವರೆ ಪಟ್ಟು ಕುಡಿಯಿತು.

ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ಮೋಟಾರು, ಹಾಕಿಸಬೇಕೇ ಅಂತ ತುಂಬಾ ಜನ ಕೇಳುತ್ತಾರೆ. ಮರಳಿನಲ್ಲಿ ವಿಂಚಿನ ಹಗ್ಗ ಯಾವುದಕ್ಕೆ ಕಟ್ಟುತ್ತೀರಿ? ಮರ ಇಲ್ಲ, ಬಂಡೆ ಇಲ್ಲ. ಸ್ಟೆಪ್ನಿಯನ್ನು ಗುಂಡಿ ತೋಡಿ ಹೂತು ಅದಕ್ಕೆ ಕಟ್ಟಬಹುದು, ಒಮ್ಮೆ ಮಾಡಿ ನೋಡಿ, ಸೊಂಟ ಮಾತಾಡುತ್ತದೆ. ಜೊತೆಗೆ ಮೂತಿಯ ಮೇಲೆ 30, 40 ಕೆಜಿ ಹೆಚ್ಚುವರಿ ಭಾರ. ಜೊತೆಗೊಂದು ಗಾಡಿ ಇದ್ದರೆ ಅದೇ ವಿಂಚು.

ಏರ್ ಫಿಲ್ಟರನ್ನು ದಿನಾ ಸಂಜೆ ತೆಗೆದು ಕೊಡವಿ. ಮುಂದೆ ಹೋಗುವ ಗಾಡಿಯ ಧೂಳಿನಲ್ಲೇ ಓಡಿಸಿದ ದಿನ ನನ್ನ ಫಿಲ್ಟರಿನಿಂದ ಒಂದು ಲೋಟ ಪುಡಿ ಉದುರಿತು. ಗಾಳಿ ಊದುವುದಾದರೆ ಒಳಗಿನಿಂದ ಹೊರಕ್ಕೆ. ಎಂಜಿನ್ ಕಾದರೆ ಗಾಡಿಯ ಮೂತಿಯನ್ನು ಬೀಸುವ ಗಾಳಿಗೆ ತಿರುಗಿಸಿ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಬ್ಯಾಗ್ನೋಲ್ಡ್ ಇದಕ್ಕೂ ಒಂದು ಉಪಾಯ ಮಾಡಿದ್ದ. ರೇಡಿಯೇಟರಿನಿಂದ ಹೊರಡುವ ಹಬೆಯನ್ನು ಪೈಪಿನಲ್ಲಿ ಒಂದು ನೀರಿನ ಡಬ್ಬಿಗೆ ಬಿಟ್ಟ. ಹಬೆ ಅಲ್ಲಿ ನೀರಾಗಿ, ಎಂಜಿನ್ ತಣಿದಾಗ ವಾಪಸ್ ರೇಡಿಯೇಟರಿಗೇ ಹೋಗುತ್ತಿತ್ತು. ನಮ್ಮ ಬಾನೆಟ್ ಕೆಳಗಿನ ಆ ಬಿಳಿ ಪ್ಲಾಸ್ಟಿಕ್ ಡಬ್ಬಿ ಮಾಡುವುದೂ ಅದೇ ಕೆಲಸ.

ಮರಳಿಗೆ ಇಳಿದಾಗ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ ನೋಡಿ. ಚಕ್ರ ಸ್ವಲ್ಪ ಜಾರಿದ ಕೂಡಲೇ ಅದು ಎಂಜಿನಿನ ಕತ್ತು ಹಿಸುಕುತ್ತದೆ, ವೇಗ ಬೇಕಾದ ಹೊತ್ತಲ್ಲೇ.

ಕೊನೆಗೆ ಸರ್ವಿಸ್. ಕಂಪ್ರೆಸರ್ ನಿಂತುಹೋಗುವ ವಿಡಿಯೋ, ಶ್ಯಾಕಲ್‌ಗೆ ಅಳತೆಪಟ್ಟಿ ಹಿಡಿದ ಫೋಟೋ ಎರಡನ್ನೂ ಕಂಪನಿಗೆ ಕಳಿಸಿದೆ. ಮೂರು ದಿನದಲ್ಲಿ ಉತ್ತರ ಬಂತು, ಮರ್ಯಾದೆಯಿಂದಲೇ ಮಾತಾಡಿದರು. ಹೊಸ ಕಂಪ್ರೆಸರ್ ಕಳಿಸಿದರು, ಹಳೆಯದನ್ನು ವಾಪಸ್ ಕೇಳಲಿಲ್ಲ. ಶ್ಯಾಕಲ್ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಹೊಸದಕ್ಕೂ ಟೈಮರ್ ಇಟ್ಟೆ: 8 ನಿಮಿಷ. ಈಗ ಮನೆಯಲ್ಲಿ ಎರಡು ಕಂಪ್ರೆಸರ್ ಇವೆ. ಒಂದು ಮಗನ ಸೈಕಲ್‌ಗೆ, ಇನ್ನೊಂದು ಫುಟ್‌ಬಾಲ್‌ಗೆ. ಆ ಕೆಲಸ ಚೆನ್ನಾಗಿ ಮಾಡುತ್ತವೆ.

ಬ್ಯಾಗು ಮಾತ್ರ ಗಟ್ಟಿ. ಹನ್ನೊಂದು ದಿನದ ಮರಳು ತಿಂದರೂ ಜಿಪ್ ಒಮ್ಮೆಯೂ ಕಚ್ಚಲಿಲ್ಲ. ಈಗ ಅದರಲ್ಲಿ ಕ್ಲಿಪ್ ಇರುವ ಕಂಪ್ರೆಸರ್, 60ರ ಗೇಜ್, ವಾಲ್ವ್ ಪಿನ್ನು, ಕೈನೆಟಿಕ್ ಹಗ್ಗ, ಬಾಗಿಲಿನ ತುಂಡು ಎಲ್ಲ ಇವೆ. ಕಿಟ್‌ನ ಗ್ಲೌಸೂ ಇವೆ, ಅವು ಪರವಾಗಿಲ್ಲ. ಐದಕ್ಕೆ ಎರಡು ಸ್ಟಾರ್ ಕೊಟ್ಟಿದ್ದೇನೆ. ಒಂದು ಬೋರ್ಡಿಗೆ, ಒಂದು ಜಿಪ್ಪಿಗೆ.